ಹಾಲು ಕೊಡುವ ಜಾಗ

"ಇಲ್ಲಿ ಹಾಲು ಕೊಡ್ಲಿಕ್ಕಿಲ್ಲ ಮೇಡಂ. ಟಾಯ್ಲೆಟ್ ಆ ಕಡೆ ಉಂಟು."

ಮೂಡುಬಿದಿರೆಯ ಹೊಸ ಕಲಾ ಸಂಗ್ರಹಾಲಯದ ಒಳಅಂಗಳದ ತೋಟದಲ್ಲಿ, ಜರೀಗಿಡಗಳ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು ಮಗುವಿಗೆ ಹಾಲೂಡಿಸುತ್ತಿದ್ದ ನಿಖಿತಾ ತಲೆಯೆತ್ತಿದಳು. ಎದುರಿಗೆ ಮ್ಯಾನೇಜರ್ ಶಿವಕೃಷ್ಣ ನಿಂತಿದ್ದರು. ಅವರ ಬೆನ್ನ ಹಿಂದೆ, ತೋಟದ ನಟ್ಟನಡುವೆ, ಕಲ್ಲಿನ ತಾಯಿಯೊಬ್ಬಳು ಕಲ್ಲಿನ ಕೂಸಿಗೆ ಮೊಲೆಯೂಡಿಸುತ್ತಿದ್ದಳು. ಜನ ಅವಳ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು.

ನಿಖಿತಾಳ ಕಿವಿ ಬಿಸಿಯಾಯಿತು. "ಅವಳಿಗೂ ಟಾಯ್ಲೆಟ್ ತೋರಿಸಿದ್ದೀರಾ?"

"ಅದು ಕಲೆ ಮೇಡಂ. ಇಲ್ಲಿ ನಾಲ್ಕು ಜನ ಓಡಾಡ್ತಾರೆ," ಎಂದರು ಶಿವಕೃಷ್ಣ.

ಗಂಡ ಅಶ್ವಿತ್ ಸುತ್ತಲೂ ನೋಡಿ, "ಏಳು ಮಾರಾಯ್ತಿ, ಹೋಗುವ. ಎಲ್ಲರೂ ನೋಡ್ತಾ ಇದ್ದಾರೆ" ಎಂದು ಪಿಸುಗುಟ್ಟಿದ. ಮ್ಯಾನೇಜರ್ ಆಡಿದ್ದಕ್ಕಿಂತ ಆ ಮಾತಿಗೆ ಅವಳ ಮೈ ಹೆಚ್ಚು ಉರಿಯಿತು. ಅಷ್ಟರಲ್ಲಿ ಅತ್ತೆ ನೀಲಾವತಿಯೂ ಬಿರಬಿರನೆ ಬಂದರು. ಬಂಟ್ವಾಳದ ಮನೆಯಲ್ಲೂ ಬಾಗಿಲು ಹಾಕಿಕೊಂಡೇ ಹಾಲು ಕೊಡಬೇಕೆನ್ನುವ ಹೆಂಗಸು. ಇನ್ನು ಇವರೂ ಶುರುಮಾಡುತ್ತಾರೆಂದು ನಿಖಿತಾ ಹಲ್ಲು ಕಚ್ಚಿದಳು.

ನೀಲಾವತಿ ಸೊಸೆಯ ಪಕ್ಕದಲ್ಲಿ ಧೊಪ್ಪನೆ ಕೂತು ಮಗನ ಕಡೆ ತಿರುಗಿದರು.

"ನೀನು ಕೂಸಾಗಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಅಪ್ಪನೂ ಹೀಗೆಯೇ ಹೇಳಿದ್ರು. ನಾನು ಬಾಯಿ ಮುಚ್ಚಿ ಎದ್ದು ಹೋದೆ. ಕಕ್ಕಸಿನಲ್ಲಿ ನಿಂತು ನಿನಗೆ ಹಾಲು ಕೊಟ್ಟೆ. ಮೂಗು ಮುಚ್ಚಿಕೊಳ್ಳಲಿಕ್ಕೂ ಕೈ ಖಾಲಿ ಇರ್ಲಿಲ್ಲ. ಇವಳು ಏಳುವುದಿಲ್ಲ. ನಾಚಿಕೆ ಆಗುವವರು ನೀವೇ ಹೊರಗೆ ಹೋಗಿ."