ಕಣದ ಹಲ್ಲು

ಹುಲಿಯಮ್ಮ ಕಣದ ನಡುವಿನಿಂದ ಒಂದು ಕಾಫಿ ಬೀಜ ಹೆಕ್ಕಿ ಬಲದವಡೆಯಲ್ಲಿ ಇಟ್ಟುಕೊಂಡಳು. ಒತ್ತಲು ಧೈರ್ಯ ಬರಲಿಲ್ಲ. ಹಾನುಬಾಳಿನ ಕಾಫಿ ತೋಟದ ಮೇಲೆ ಮೋಡ ಕಪ್ಪಾಗುತ್ತಿತ್ತು.

"ಏನಮ್ಮೋ, ಒಣಗೈತಾ? ಚೀಲ ತುಂಬಿಸ್ಲಾ?" ತೋಟದ ಲೆಕ್ಕ ಬರೆಯುವ ರೈಟರ್ ಜಯಕುಮಾರ್ ಸ್ಟೋರಿನ ಬಾಗಿಲಿಂದ ಕೂಗಿದ.

ತೇವ ಅಳೆಯುವ ಮೀಟರ್ ರಿಪೇರಿಗೆ ಹೋಗಿ ವಾರವಾಗಿತ್ತು. ಅದು ಇದ್ದಾಗಲೂ ಸಾಹುಕಾರರು ನಂಬುತ್ತಿದ್ದುದು ಹುಲಿಯಮ್ಮನ ಹಲ್ಲನ್ನೇ. ಹಸಿಯಾದರೆ ಹಲ್ಲು ಬೀಜದೊಳಕ್ಕೆ ಇಳಿಯುತ್ತಿತ್ತು, ಒಣಗಿದ್ದರೆ ಬೀಜ ಕಟ್ಟೆಂದು ಒಡೆಯುತ್ತಿತ್ತು. ಹೋದ ವರ್ಷ ಅವಳು ಜ್ವರದಲ್ಲಿ ಮಲಗಿದ್ದಾಗ ಕೆಂಚಯ್ಯ ಕಚ್ಚಿ ನೋಡಿ ತುಂಬಿಸಿದ ಚೀಲಗಳು ಬೂಸಲು ಹಿಡಿದಿದ್ದವು. ಕಣದ ಕೆಲಸ ತಪ್ಪಿ ಅವನೀಗ ತೋಟದಲ್ಲಿ ಗುಂಡಿ ತೋಡುತ್ತಿದ್ದ.

ಆ ಹಲ್ಲು ಹುಳುಕಾಗಿ, ಮೊನ್ನೆ ಸಕಲೇಶಪುರದಲ್ಲಿ ಹಲ್ಲಿನ ಬಣ್ಣದ್ದೇ ಸಿಮೆಂಟು ತುಂಬಿಸಿಕೊಂಡು ಬಂದಿದ್ದಳು. ಎಡದವಡೆ ಬೋಳಾಗಿ ವರ್ಷಗಳೇ ಆಗಿದ್ದವು. "ಬೀಜ ಕಚ್ಬೋದಾ ತಾಯಿ?" ಎಂದಿದ್ದಕ್ಕೆ ಡಾಕ್ಟರಮ್ಮ, "ಗಟ್ಟಿ ಇದೆ, ಆದ್ರೆ ಬೀಜ ಕಚ್ಚಿದ್ರೆ ಬಿರುಕು ಬಿಡುತ್ತೆ. ಎಲೆ-ಅಡಿಕೆ ಬಿಡಿ, ಕಲೆ ಹಿಡಿಯುತ್ತೆ. ಕಾಫೀನೂ ಕಮ್ಮಿ ಮಾಡಿ" ಎಂದಿದ್ದರು.

"ಕಾಫಿ ತೋಟದೋಳಿಗೆ ಹೇಳೋ ಮಾತಾ ಇದು!" ಎಂದು ಹುಲಿಯಮ್ಮ ಅಲ್ಲೇ ನಕ್ಕಿದ್ದಳು. ಈಗ ನಗು ಬರಲಿಲ್ಲ. ಒಂದು ಹಿಡಿ ಬೀಜ ಸೆರಗಿಗೆ ಹಾಕಿಕೊಂಡು, ರಾಶಿ ಎಳೆಯುತ್ತಿದ್ದ ಸೊಸೆ ಚಂದ್ರಿಕಾಳನ್ನು ಸ್ಟೋರಿನ ಹಿಂದಕ್ಕೆ ಕರೆದಳು.

"ಕಚ್ಚು."

ಚಂದ್ರಿಕಾ ಕಚ್ಚಿದಳು. "ಗಟ್ಟಿ ಐತೆ ಅತ್ತೆ."

"ಅರೆ ಒಣಗಿದ್ದೂ ಗಟ್ಟೀನೇ ಕಣೇ. ಹೆಂಗ್ ಗಟ್ಟಿ?"

"ಹೆಂಗ್ ಅಂದ್ರೆ... ಗಟ್ಟಿ."

"ಹುಲಿಯಮ್ಮೋ, ಹನಿ ಬಿತ್ತು!" ಜಯಕುಮಾರನ ದನಿ ಹತ್ತಿರವಾಯಿತು.

ಹುಲಿಯಮ್ಮ ಸೊಸೆಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಅವಳ ಕೆನ್ನೆಗೆ ತನ್ನ ಕಿವಿ ಒತ್ತಿದಳು. "ಇನ್ನೊಂದ್ ಹಾಕ್ಕೋ. ಮೆಲ್ಲಗಲ್ಲ, ಒಂದೇ ಏಟಿಗೆ ಒತ್ತು."

ಮೂಲೆ ತಿರುಗಿ ಬಂದ ಜಯಕುಮಾರ್ ನೋಡಿದವನೇ ನಿಂತುಬಿಟ್ಟ. ಹುಲಿಯಮ್ಮ ಕಿವಿ ತೆಗೆಯದೆ, ಮಾತಾಡಬೇಡಿ ಎಂದು ಕೈ ಎತ್ತಿದಳು. ಒಂದು ಬೀಜ. ಇನ್ನೊಂದು. ಮೂರನೆಯದಕ್ಕೆ ಚಂದ್ರಿಕಾಳ ಕಣ್ಣಲ್ಲಿ ನೀರು ಬಂತು.

"ತುಂಬ್ಸಿ ಅಯ್ನೋರೇ," ಎಂದಳು ಹುಲಿಯಮ್ಮ. "ಮೂರೂ ಕಟ್ಟಂದ್ವು."

ಜಯಕುಮಾರ್ ಆಳುಗಳನ್ನು ಕೂಗುತ್ತಾ ಕಣಕ್ಕೆ ಓಡಿದ. ಹಿಂದೆಯೇ ಹೊರಟ ಚಂದ್ರಿಕಾಳ ಗದ್ದವನ್ನು ಹುಲಿಯಮ್ಮ ಹಿಡಿದು ನಿಲ್ಲಿಸಿದಳು. "ಬಾಯಿ ತೆಗಿ" ಎಂದು, ಇದ್ದಷ್ಟು ಬೆಳಕಿಗೆ ಅವಳ ಮುಖ ತಿರುಗಿಸಿ, ದವಡೆಯ ಹಲ್ಲುಗಳನ್ನು ಒಂದೊಂದಾಗಿ ಬೆರಳಲ್ಲಿ ಮುಟ್ಟಿ ನೋಡತೊಡಗಿದಳು.