ಬಾಯಿಗೆ ನೀರು

ಶಿವರುದ್ರಮ್ಮ ನೀರಿನ ಕೊಡವನ್ನು ಅಡುಗೆಮನೆಯೊಳಗಿಟ್ಟು, ಬಾಗಿಲೆಳೆದು, ಹೊಸ್ತಿಲಿಗೆ ಅಡ್ಡ ಕುಳಿತಳು. ನಡುಮನೆಯಲ್ಲಿ ಸೊಸೆ ಚನ್ನಮಲ್ಲಮ್ಮ ವಾಂತಿಭೇದಿಯಿಂದ ಬತ್ತಿಹೋಗಿ ಮಲಗಿದ್ದಳು. ಕಣ್ಣು ಗುಳಿಬಿದ್ದಿತ್ತು, ದನಿ ಉಡುಗಿತ್ತು.

"ಅತ್ತೆ, ಒಂದ್ ಗುಟುಕು ನೀರು..."

"ಬ್ಯಾಡ ಕಣಮ್ಮ. ಕುಡುದ್ರೆ ಇನ್ನೂ ಕಿತ್ಕಂಡು ಹೋಗ್ತೈತೆ. ಹಲ್ ಕಚ್ಕಂಡು ತಡ್ಕ."

ಮಿಡಿಗೇಶಿಯ ಮನೆಮನೆಯಲ್ಲೂ ಆಗ ಇದೇ ಕಟ್ಟುಪಾಡು. ಕುಡಿದದ್ದೆಲ್ಲ ಹೊರಗೆ ಬರುವಾಗ ಕುಡಿಸುವುದೇಕೆ? ಮೊನ್ನೆ ಮಗ ಕಾಡಸಿದ್ದಪ್ಪ ಮಲಗಿದಾಗಲೂ ಅವಳು ಹೀಗೆಯೇ ಕಾವಲು ಕುಳಿತಿದ್ದಳು. ಅವನು ಉಳಿಯಲಿಲ್ಲ. ಮಧುಗಿರಿ ಕಡೆಯಿಂದ ಡಾಕ್ಟರು ಚಂದ್ರಶೇಖರಯ್ಯ ಬಂದು, ಕಾಲರಾ ಹರಡದಿರಲೆಂದು ಬಾವಿಗೆ ಕೆಂಪು ಮದ್ದು ಹಾಕಿದ್ದರು. ಇನ್ನೂ ಎಷ್ಟೋ ಹಳ್ಳಿ ಸುತ್ತಬೇಕಾಗಿದ್ದ ಅವಸರದಲ್ಲಿ, ಹಾಸಿಗೆ ಹಿಡಿದವರ ಬಾಯಾರಿಕೆಯ ಮಾತನ್ನೇ ಎತ್ತದೆ ಗಾಡಿ ಹತ್ತಿದ್ದರು.

ಹೊತ್ತೇರುವಷ್ಟರಲ್ಲಿ ಸೊಸೆಯ ಕೈಕಾಲು ತಣ್ಣಗಾದವು. ಮಠದ ಅಡವಯ್ಯನವರನ್ನು ಕರೆಸಿದರು. ಅವರು ನಾಡಿ ಹಿಡಿದು ನೋಡಿ ತಲೆಯಾಡಿಸಿದರು.

"ಬಾಯಿಗೆ ನೀರ್ ಬುಡು ತಾಯಿ. ಇನ್ನ ಕಾಯೋದೇನೂ ಇಲ್ಲ."

ಶಿವರುದ್ರಮ್ಮ ಅಳುತ್ತಲೇ ಅಡುಗೆಮನೆಯ ಬಾಗಿಲು ತೆರೆದಳು. ಗಿಂಡಿಯಿಂದ ಒಂದಿಷ್ಟು ನೀರು ಬಿಟ್ಟಳು. ಸೊಸೆ ನುಂಗಿ ಮತ್ತೆ ಬಾಯಿ ತೆರೆದಳು. ಸಾಯುವವಳಿಗೆ ಇಲ್ಲವೆನ್ನುವುದು ಹೇಗೆ? ಇನ್ನೊಂದಿಷ್ಟು ಬಿಟ್ಟಳು. ವಾಂತಿಯಾಯಿತು. ಆದರೂ ಕೇಳಿದಳು, ಕೊಟ್ಟಳು. ಸಂಜೆಗೆ ಉಪ್ಪು ಹಾಕಿದ ಗಂಜಿ ತಿಳಿ ಬೇಡಿದಳು. ಕೊನೆಯಾಸೆ ಇದ್ದೀತೆಂದು ಅದನ್ನೂ ಕುಡಿಸಿದ್ದಾಯಿತು. ಕೊಡ ಬರಿದಾಗಿ ಎರಡನೆಯ ಸಲ ತುಂಬಿ ತಂದರು. ಜೀವ ಮಾತ್ರ ಹೋಗಲಿಲ್ಲ.

ಒಂದೆರಡು ದಿನ ಕಳೆದು ಡಾಕ್ಟರು ಮತ್ತೆ ಊರಿಗೆ ಬಂದಾಗ ಚನ್ನಮಲ್ಲಮ್ಮ ಗೋಡೆಗೊರಗಿ ಕುಳಿತಿದ್ದಳು. ಅವರಿಗೆ ನಂಬಲಾಗಲಿಲ್ಲ.

"ಯಾವ ಮದ್ದು ಕೊಟ್ಟಿರಿ, ತಾಯಿ?"

"ಮದ್ದೆಲ್ಲಿಂದ ತರ್ಲಿ ಸ್ವಾಮಿ? ಸಾಯ್ತಾಳಲ್ಲ ಅಂತ, ಕೇಳ್ದಷ್ಟೂ ನೀರ್ ಕೊಟ್ಟೆ."

"ಅದೇ ಇವಳನ್ನು ಉಳಿಸಿದ್ದು," ಎಂದು ಡಾಕ್ಟರು ಸಂತೋಷದಿಂದ ಹೇಳಿದರು. "ನೀರು ಬತ್ತಿಯೇ ಈ ರೋಗದವರು ಸಾಯುವುದು."

ಶಿವರುದ್ರಮ್ಮ ಅಡುಗೆಮನೆಯ ಹೊಸ್ತಿಲ ಕಡೆ ತಿರುಗಿದಳು.

"ನನ್ ಮಗಾನೂ ಕೇಳ್ದ," ಎಂದಳು. "ಬದುಕ್ಲಿ ಅಂತ ಕೊಡ್ಲಿಲ್ಲ ಸ್ವಾಮಿ."