ಬಿಳಿ ವಿಮಾನದ ಆಯುಧಪೂಜೆ

ನಮ್ಮ ಕಾರ್ಖಾನೆಯ ವಿಮಾನಗಳು ಮಾತನಾಡುತ್ತವೆ. ಹಾರಾಟಕ್ಕೆ ಒಪ್ಪಿಗೆ ಕೊಡುವ ಮೊದಲು ಅವುಗಳನ್ನು ವಿಚಾರಿಸುವುದು ನನ್ನ ಕೆಲಸ. ಅವು ನಿಜ ಹೇಳುತ್ತವೆಂದು ಮಾತ್ರ ನಾನು ನಂಬುವುದಿಲ್ಲ. ಯುದ್ಧದಿಂದ ಮರಳಿದವುಗಳ ನೆನಪು ಅಳಿಸಿ, ಸೀಟು ಜೋಡಿಸಿ ಮಾರುತ್ತಾರೆಂಬ ಗುಮಾನಿ ನನಗೆ ಮೊದಲಿನಿಂದಲೂ ಇದೆ.

"ಮೊದಲು ಏನು ಸಾಗಿಸ್ತಿದ್ದೆ?" ಎಂದು ಹೊಸದಾಗಿ ಬಿಳಿ ಬಣ್ಣ ಬಳಿದಿದ್ದ ವಿಮಾನವನ್ನು ಕೇಳಿದೆ.

"ಜನರನ್ನ, ಮೇಡಂ. ಮದುವೆ ದಿಬ್ಬಣಗಳನ್ನ."

"ಎಷ್ಟು ಸಲ ಕೇಳ್ತೀರಾ ತಾರಾಬಾಯಿ? ಪಾಪ, ಅದಕ್ಕೂ ಬೇಜಾರಾಗುತ್ತೆ" ಎಂದು ಮಾರಾಟ ವಿಭಾಗದ ಚಂಗಪ್ಪನವರು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

"ಪೂಜೆ ಆಗ್ಲಿ, ಒಪ್ಪಿಗೆ ವಿಷಯ ಆಮೇಲೆ ಹೇಳ್ತೀನಿ" ಎಂದೆ.

ಅಂದು ಆಯುಧಪೂಜೆ. ವಿಮಾನಕ್ಕೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟೆವು. ಹುಬ್ಬಳ್ಳಿಗೆ ಹೊರಟ ಪ್ರಯಾಣಿಕರು ಮಕ್ಕಳನ್ನು ಎತ್ತಿಕೊಂಡು ನೋಡುತ್ತಿದ್ದರು. ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ಅದರ ಮೂತಿಯೆದುರು ಒಡೆದೆವು. ನೆಲವೆಲ್ಲ ಕೆಂಪಾಯಿತು.

ವಿಮಾನದ ಹೊಟ್ಟೆ ತಾನಾಗಿಯೇ ತೆರೆದುಕೊಂಡಿತು. ಬಾಂಬು ಬೀಳಿಸುವಂಥ ಆ ಬಾಗಿಲನ್ನು ನನಗೆ ಕೊಟ್ಟ ನಕ್ಷೆಯಲ್ಲಿ ತೋರಿಸಿರಲಿಲ್ಲ.

"ಊರು ಕಾಣ್ತಿದೆ, ಚಂಗಪ್ಪ ಸಾರ್" ಎಂದಿತು ಅದು, ಬಲು ವಿನಯದಿಂದ. "ಜನಾನೂ ಸೇರಿದ್ದಾರೆ. ಈಗ ಬಿಡ್ಲಾ?"